ಪೋಸ್ಟ್ ತಾತ ಕಳಿಸದ ನೋಟೀಸು

ಮೊನ್ನೆ ಅಂಗಡಿಯ ಕಪಾಟು ಒರೆಸುವಾಗ ಕರಾರು ಕಾಯ್ದೆಯ ಪುಸ್ತಕ ಕೈಜಾರಿ ಬಿತ್ತು. ಅದರೊಳಗಿಂದ ಒಂದು ಕಾರ್ಡು ಹೊರಗೆ ಬಂತು. ರಿಜಿಸ್ಟರ್ಡ್ ಪೋಸ್ಟಿನ ಕವರಿಗೆ ಅಂಟಿಸಿ ಕಳಿಸುತ್ತಿದ್ದರಲ್ಲ, ಕಾಗದ ತಲುಪಿದವರು ಸಹಿ ಹಾಕಿದ ಮೇಲೆ ಕಳಿಸಿದವರಿಗೆ ವಾಪಸು ಬರುವ ಸ್ವೀಕೃತಿ ಕಾರ್ಡು, ಅದು. ಒಂದು ಮಗ್ಗುಲಲ್ಲಿ ನಾನೇ ಟೈಪ್ ಮಾಡಿ ಅಂಟಿಸಿದ ವಿಳಾಸ. ಇನ್ನೊಂದು ಮಗ್ಗುಲಲ್ಲಿ 'ಸ್ವೀಕರಿಸಿದವರ ಸಹಿ' ಅಂತ ಅಚ್ಚಾಗಿದೆ, ಅದರ ಮುಂದೆ ಖಾಲಿ. ಮೂಗಿನ ಹತ್ತಿರ ತಂದು ನೋಡಿದೆ. ಇನ್ನೂ ಅದೇ ವಾಸನೆ... ಹಳೇ ಖಾಕಿ ಚೀಲ, ಎಲೆಅಡಿಕೆ, ವಿಭೂತಿ, ಬೆವರು ಎಲ್ಲ ಸೇರಿದ ವಾಸನೆ. ಪೋಸ್ಟ್ ತಾತನ ವಾಸನೆ.

ನಾನು ಲಾಯರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ರಾಮನಗರದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಅಗ್ರಿಮೆಂಟು. ದಿನವೆಲ್ಲ ಬೇರೆಯವರ ಜಮೀನು, ಬೇರೆಯವರ ಜಗಳ ಟೈಪ್ ಮಾಡೀ ಮಾಡೀ ಒಂದು ದಿನ ತಲೆಯಲ್ಲಿ ಹುಳ ಹೊಕ್ಕಿತು. ಇದೆಲ್ಲ ಯಾಕೆ ಹೀಗೆಯೇ ಬರೆಯಬೇಕು? ಹಳೇ ಪುಸ್ತಕದ ಅಂಗಡಿಯಿಂದ ಕರಾರು ಕಾಯ್ದೆಯ ಕನ್ನಡ ಪುಸ್ತಕ ತಂದೆ. ಫೋನಿನಲ್ಲಿ ವಿಡಿಯೋ ನೋಡಿದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಿದ್ದೇ ಓದಿದ್ದು. ಪ್ರಸ್ತಾವ, ಒಪ್ಪಿಗೆ, ಪ್ರತಿಫಲ, ಮುಕ್ತ ಸಮ್ಮತಿ... ನನಗೆ ಅವು ಪಾಠದ ಥರ ಕಾಣಲೇ ಇಲ್ಲ. ಸಂತೆಯಲ್ಲಿ ಸೊಪ್ಪು ಕೊಳ್ಳುವಾಗಲೂ, ಬಸ್ಸಿನಲ್ಲಿ ಟಿಕೆಟ್ ತಗೊಳ್ಳುವಾಗಲೂ, 'ಓ, ಇದು ಪ್ರಸ್ತಾವ, ಇದು ಒಪ್ಪಿಗೆ' ಅಂತ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ. ಮನೆಯಲ್ಲಿ ಬಾಯಿ ತೆಗೆದರೆ ಅಮ್ಮ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಕೇಳಿದ್ದು ಪೋಸ್ಟ್ ತಾತ ಒಬ್ಬರೇ.

ಅವರು ನಮ್ಮೂರಿನವರೇ, ಕೂಟಗಲ್ ಕಡೆ. ಸುತ್ತಲಿನ ಏಳೆಂಟು ಹಳ್ಳಿಗೆ ಸೈಕಲ್ಲಿನಲ್ಲಿ ಕಾಗದ ಹಂಚಿ ನಿವೃತ್ತರಾಗಿದ್ದರು. ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡಿದ್ದರು. ವಾರಕ್ಕೆ ಎರಡು ಸಲವಾದರೂ ಬಸ್ಸಿನಲ್ಲಿ ರಾಮನಗರಕ್ಕೆ ಬಂದು, ಮಾತ್ರೆ ತಗೊಂಡು, ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಕೆಲಸ ಬಿಟ್ಟರೂ ಖಾಕಿ ಚೀಲ ಬಿಟ್ಟಿರಲಿಲ್ಲ. ಅದರೊಳಗೆ ಒಂದು ಎಲೆಅಡಿಕೆ ಡಬ್ಬಿ, ಒಂದು ವಿಭೂತಿ ಗಟ್ಟಿ, ಬಸ್ಸಿನ ಹಳೇ ಟಿಕೆಟ್ಟುಗಳು, ಯಾವಾಗಲೂ ಒಂದು ಪೊಟ್ಟಣ ಕಡಲೆಕಾಯಿ.

"ಇಗೋ ತಗೊ ಲಾಯರಮ್ಮ," ಅಂತ ಕಡಲೆಕಾಯಿ ಕೌಂಟರಿನ ಮೇಲೆ ಸುರಿಯುತ್ತಿದ್ದರು. "ಇದು ಪ್ರತಿಫಲ ಆಯ್ತದಾ?"

"ಆಗಲ್ಲ ತಾತ. ಅದಕ್ಕೆ ಬದಲು ನಾನೇನು ಕೊಡಬೇಕು ಅಂತ ಮೊದಲೇ ಮಾತಾಗಿರಬೇಕು."

"ಅಂಗಾರೆ ಪುಕ್ಸಟ್ಟೆ. ತಿನ್ನು."

ಕರಾರು ಕಾಯ್ದೆಯಲ್ಲಿ ಅವರಿಗೆ ಬಹಳ ಹಿಡಿಸಿದ್ದು ಅಂಚೆಯ ವಿಷಯ. ಪ್ರಸ್ತಾವಕ್ಕೆ ಒಪ್ಪಿಗೆಯ ಕಾಗದ ಬರೆದು ಅಂಚೆಗೆ ಹಾಕಿದರೆ ಸಾಕು, ಅದಿನ್ನೂ ದಾರಿಯಲ್ಲಿರುವಾಗಲೇ ಪ್ರಸ್ತಾವ ಕಳಿಸಿದವನು ಕರಾರಿಗೆ ಕಟ್ಟುಬಿದ್ದ ಹಾಗೆ ಅಂತ ನಾನು ಹೇಳಿದಾಗ ಅವರು ಕಡಲೆಕಾಯಿ ಸುಲಿಯುವುದನ್ನೇ ನಿಲ್ಲಿಸಿದರು. "ಏನು, ನನ್ ಚೀಲದಾಗೆ ಇದ್ದಾಗ್ಲೇಯಾ?" ಅಂದರು. "ಅಯ್ಯೋ ಶಿವನೇ, ನಾನು ಆ ಚೀಲ ತಗುಲಾಕಿ ಹುಣಸೇಮರದ ಕೆಳಗೆ ನಿದ್ದೆ ಹೊಡೀತಿದ್ನಲ್ಲವ್ವ!"

ಆದರೆ ನೋಟೀಸುಗಳ ಮಾತು ಬಂದರೆ ನಗುತ್ತಿರಲಿಲ್ಲ. ಲಾಯರ್ ನೋಟೀಸಿನ ಕವರು ಮುಟ್ಟಿದರೇ ಅವರಿಗೆ ಗೊತ್ತಾಗುತ್ತಿತ್ತಂತೆ. ಉದ್ದ ಕವರು, ಒಳಗೆ ಎರಡೋ ಮೂರೋ ಹಾಳೆ, ಹಿಂದೆ ಈ ಕಾರ್ಡು. ಅಂಥದ್ದು ಕೊಡಲು ಹೋದಾಗ ಅವರದ್ದೊಂದು ಪದ್ಧತಿ ಇತ್ತು.

"ನೋಟೀಸ್ ಕೊಡೋ ಮನೇಲಿ ಮೊದ್ಲು ನೀರು ಇಸ್ಕೊಂಡು ಕುಡ್ಕೊಂಬುಡ್ಬೇಕು ಕಣವ್ವ. ಕೊಟ್ಟಾದ್ ಮ್ಯಾಲೆ ಯಾರೂ ನೀರು ಕೊಡಾಕಿಲ್ಲ."

ಒಮ್ಮೆ ಅಣ್ಣ ಕಳಿಸಿದ ನೋಟೀಸನ್ನು ತಮ್ಮನಿಗೆ ಕೊಟ್ಟರಂತೆ. ಎರಡು ಮನೆಗೂ ನಡುವೆ ಒಂದೇ ಗೋಡೆ. "ಆ ಒಂದು ಗೋಡೆ ದಾಟಕ್ಕೆ ಆ ಕಾಗ್ದ ರಾಮನಗರಕ್ಕೋಗಿ ಸೀಲ್ ಹೊಡ್ಸ್ಕೊಂಡು ಬಂತು ನೋಡು. ನಾನು ಕೊಟ್ಟೆ. ಅವ್ನು ಸೈನ್ ಹಾಕ್ದ. ಅವತ್ತಿಂದ ಆ ಮನೆ ಮಕ್ಳು ಈ ಮನೆಗೆ ಬರ್ಲಿಲ್ಲ. ಮನೆ ಒಡ್ದಿದ್ದು ಲಾಯರ್ರಾದ್ರೂ ಕೈಯಾರೆ ಕೊಟ್ಟೋನು ನಾನು ತಾನೆ..."

ಅವರ ಹೆಂಡತಿಯ ಸಮಾಧಿಯ ವಿಷಯ ಹೇಳದೆ ಮುಂದೆ ಹೋಗಲಾಗದು. ಅವರಿಗೆ ಒಂದು ಗೇಣು ಜಮೀನೂ ಇರಲಿಲ್ಲ. ಅವರಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಊರ ಸ್ಮಶಾನ ಕೆರೆಯ ಹಿಂದೆ ಇತ್ತು. ಆ ವಾರ ಕೆರೆ ಕೋಡಿ ಬಿದ್ದು ದಾರಿಯೇ ಮುಳುಗಿತ್ತು. ಆಗ ಅವರ ಜೊತೆ ಶಾಲೆ ಕಲಿತಿದ್ದ ಗೌಡರು ಛತ್ರಿ ಹಿಡಿದು ಬಂದು, "ಎಲ್ಲಿಗ್ಲಾ ಹೊತ್ಕೊಂಡೋಯ್ತೀಯ ಈ ನೀರ್ನಾಗೆ? ನನ್ ಹೊಲದ ಮೂಲೇಲಿ ಕೂರಿಸ್ಲಾ ಅವಳ್ನ," ಅಂದರಂತೆ. ಅಷ್ಟೇ ಮಾತು. ಹೊಲದ ಮೂಲೆಯಲ್ಲಿ ಸಮಾಧಿ ಆಯಿತು. ತಾತ ಅದರ ತಲೆಯ ಕಡೆಗೆ ಒಂದು ಬಿಲ್ವಪತ್ರೆ ಸಸಿ ನೆಟ್ಟರು. ಪ್ರತಿ ಸೋಮವಾರ ಒಂದು ಚೆಂಬು ನೀರು, ಒಂದು ಬೆರಳು ವಿಭೂತಿ. ಸಸಿ ಮರವಾಯಿತು.

ನಾನು ಆ ಮರ ನೋಡಿಕೊಂಡೇ ಬೆಳೆದವಳು. ಕಾನೂನು ಓದಿಕೊಂಡ ಮೇಲೆ ಒಂದು ದಿನ ಸುಮ್ಮನಿರಲಾರದೆ ತಾತನಿಗೆ ಹೇಳಿದೆ. "ತಾತ, ಗೌಡರು ಬಾಯಲ್ಲಿ ಕೊಟ್ಟ ಜಾಗ ಕಾನೂನಿನಲ್ಲಿ ನಿಲ್ಲಲ್ಲ. ಪ್ರತಿಫಲ ಇಲ್ಲ, ಬರವಣಿಗೆ ಇಲ್ಲ, ರಿಜಿಸ್ಟ್ರೇಷನ್ ಇಲ್ಲ. ನಾಳೆ ಯಾರಾದರೂ ಕೇಳಿದರೆ ನಿಮ್ಮ ಹತ್ತಿರ ತೋರಿಸೋಕೆ ಏನಿದೆ?"

ಬಸ್ಸಿಗೆ ಏಳುವಾಗ ಕೇಳಿದರು: "ಅಂಗಾರೆ ಅವ್ಳು ಅಲ್ಲಿ ಬಾಡಿಗೆಗೂ ಇಲ್ವೇನವ್ವ?"

ಈಗ ಯೋಚಿಸಿದರೆ ಎಲ್ಲ ಶುರುವಾದದ್ದು ಅಲ್ಲಿಂದಲೇ. ಯಾವ ಕೇಡೂ ಇಲ್ಲದೆ ನಿಂತಿದ್ದ ಒಂದು ಮರದ ಕೆಳಗೆ ನಾನು ಹೋಗಿ ಹೆದರಿಕೆ ಬಿತ್ತಿ ಬಂದೆ.

ಅದಾದ ಹದಿನೈದು ದಿನಕ್ಕೆ ಅವರು ತೀರ್ಮಾನ ಮಾಡಿದ್ದರು. ರೈತರಲ್ಲದವರೂ ಜಮೀನು ಕೊಳ್ಳಬಹುದು ಅಂತ ಕಾನೂನು ಬದಲಾದ ಹೊಸತು ಅದು. ಸಮಾಧಿ ಸೇರಿದಂತೆ ಆ ಮೂಲೆಯಲ್ಲಿ ಹತ್ತು ಗುಂಟೆ ಕೊಳ್ಳುವುದು. ಗೌಡರೂ ಒಪ್ಪಿದ್ದರು. "ನಾನು ಸತ್ರೆ ಅವ್ಳ ಪಕ್ಕದಾಗೇ ಕೂರ್ಸಿ," ಅಂದರು ತಾತ. "ನಮ್ದೇ ಮಣ್ಣು ಅಂದ್ಮ್ಯಾಲೆ ಯಾರನ್ನೂ ಕೇಳಂಗಿಲ್ಲವಲ್ಲ." ಅವರಿಗೆ ಬೇಕಿದ್ದದ್ದು ಅಷ್ಟೇ. ಬೇಸಾಯ ಮಾಡಬೇಕು, ಮನೆ ಕಟ್ಟಬೇಕು ಅನ್ನುವ ಆಸೆ ಯಾವುದೂ ಇರಲಿಲ್ಲ.

ಅಗ್ರಿಮೆಂಟು ಟೈಪ್ ಆದದ್ದು ನನ್ನ ಅಂಗಡಿಯಲ್ಲೇ. ಒಂದು ಸರ್ವೆ ನಂಬರಿನಲ್ಲಿ ತುಂಡು ಜಾಗ ಮಾರಬೇಕಾದರೆ ಮೊದಲು ಅಳತೆಯಾಗಿ ನಕ್ಷೆ ಬರಬೇಕು, ಆಮೇಲೆಯೇ ಕ್ರಯದ ನೋಂದಣಿ. ಪಕ್ಕದ ಜಮೀನಿನವರದ್ದು ಎಲ್ಲೆ ಎಲ್ಲಿ ಅನ್ನುವ ಹದ್ದಿನ ತಕರಾರು ಬೇರೆ ಇತ್ತು, ನಕ್ಷೆಗೆ ಹೊತ್ತು ಹಿಡಿಯುವುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಈಗ ಕ್ರಯದ ಕರಾರು ಮಾಡಿಕೊಂಡು ಮುಂಗಡ ಕೊಡುವುದು ಅಂತಾಯಿತು. ನಿವೃತ್ತಿಯಾದಾಗ ಕೈಗೆ ಬಂದದ್ದನ್ನೆಲ್ಲ ತಾತ ಮುಂಗಡವಾಗಿ ಇಟ್ಟರು. ಕರಡು ಬರೆದುಕೊಟ್ಟವರು ಪಕ್ಕದ ಅಂಗಡಿಯ ಪತ್ರ ಬರೆಯುವ ಹಿರಿಯರು, ನಲವತ್ತು ವರ್ಷದಿಂದ ಅದೇ ಕೆಲಸ. ಅವರ ಕರಡಿನಲ್ಲಿ 'ನಕ್ಷೆ ಬಂದ ತರುವಾಯ ಕ್ರಯಪತ್ರ ಮಾಡಿಕೊಡತಕ್ಕದ್ದು' ಅಂತ ಮಾತ್ರ ಇತ್ತು. ತಾರೀಕು ಇರಲಿಲ್ಲ.

ನನಗೆ ಅದು ದೊಡ್ಡ ತಪ್ಪಾಗಿ ಕಂಡಿತು. ಕರಾರು ಖಚಿತವಾಗಿರಬೇಕು, ಅನಿಶ್ಚಿತವಾದರೆ ಊರ್ಜಿತವಲ್ಲ ಅಂತ ಆ ವಾರವಷ್ಟೇ ಓದಿದ್ದೆ.

"ಸಾರ್, ಇದಕ್ಕೆ ತಾರೀಕು ಬೇಕು," ಅಂದೆ.

"ನಕ್ಷೆ ಯಾವತ್ತು ಬತ್ತದೆ ಅಂತ ನಿಂಗೊತ್ತೇನಮ್ಮ?" ಅಂದರು ಹಿರಿಯರು. "ಅಂಗೇ ಇರ್ಲಿ ಬುಡು. ತಾರೀಕು ಆಕ್ಬ್ಯಾಡ. ಬೇಕಂತಲೇ ಆಕಿಲ್ಲ ನಾನು."

"ತಾರೀಕಿಲ್ಲದ ಕರಾರು ಬಾಗಿಲಿಲ್ಲದ ಮನೆ ಇದ್ದ ಹಾಗೆ ಸಾರ್." ಈ ಮಾತು ನಾನು ಯಾವುದೋ ವಿಡಿಯೋದಲ್ಲಿ ಕೇಳಿದ್ದು.

ಗೌಡರು ನಕ್ಕರು. "ಏನ್ಲಾ ಇದು, ಹತ್ತು ಗುಂಟೆಗೆ ಇಷ್ಟೊಂದು ಪುರಾಣ?"

"ಸುಮ್ಕಿರ್ಲಾ ಗೌಡ," ಅಂದರು ತಾತ. ಎದೆ ಉಬ್ಬಿಸಿ ಕೂತಿದ್ದರು. "ನಮ್ ಲಾಯರಮ್ಮ ಬರೀತಾವ್ಳೆ. ತೂಕವಾಗಿರ್ಲಿ. ನೀನು ಆಕವ್ವ ತಾರೀಕ."

ಹಾಕಿದೆ. ಆರು ತಿಂಗಳ ಮುಂದಿನ ಒಂದು ತಾರೀಕು. ಅದರ ಕೆಳಗೆ 'ಈ ಕರಾರಿಗೆ ಕಾಲವೇ ಜೀವಾಳ' ಅನ್ನುವ ಸಾಲನ್ನೂ ಸೇರಿಸಿದೆ, ದಪ್ಪ ಅಕ್ಷರದಲ್ಲಿ. ಹಿರಿಯರು ಕನ್ನಡಕ ತೆಗೆದು ಜೇಬಿಗಿಟ್ಟು ಟೀ ಕುಡಿಯಲು ಎದ್ದು ಹೋದರು. ಯಾಕೆ ಬೇಡ ಅಂತ ಅವರೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ... ಇವತ್ತಿಗೂ ನನ್ನನ್ನು ತಿನ್ನುವುದು ಇದೇ. ಒಂದು ಸಲ 'ಯಾಕೆ ಸಾರ್' ಅಂದಿದ್ದರೆ ಮುಗಿಯುತ್ತಿತ್ತು.

ಸಹಿಗಳಾದ ಮೇಲೆ ತಾತ ಚೀಲದಿಂದ ಡಬ್ಬಿ ತೆಗೆದರು. ಎಲೆ, ಅಡಿಕೆ ಗೌಡರ ಕೈಗಿಟ್ಟರು. ಗೌಡರು ಅವನ್ನು ಕಣ್ಣಿಗೊತ್ತಿಕೊಂಡು ತಮ್ಮದೊಂದು ಜೋಡಿ ಎಲೆ ತಾತನ ಕೈಗಿಟ್ಟರು. ನಮ್ಮ ಕಡೆ ಹಿಂದಿನಿಂದಲೂ ಹಾಗೆಯೇ. ಹೆಣ್ಣು ಕೊಡುವಾಗಲೂ, ಎತ್ತು ಮಾರುವಾಗಲೂ, ಜಮೀನು ಕೊಡುವಾಗಲೂ ಎಲೆ ಬದಲಾಯಿಸಿಕೊಂಡರೆ ಮಾತು ಮುಗಿದ ಹಾಗೆ. ಆಮೇಲೆ ಆ ಮನೆಯವರನ್ನು 'ಯಾವಾಗ ಕೊಡ್ತೀರಿ' ಅಂತ ಗಟ್ಟಿಯಾಗಿ ಕೇಳುವುದೂ ಅವಮಾನ ಮಾಡಿದ ಲೆಕ್ಕ. ನಾನು ಛಾಪಾ ಕಾಗದ ನೋಡುತ್ತಿದ್ದೆ, ಅವರಿಬ್ಬರೂ ಎಲೆ ನೋಡುತ್ತಿದ್ದರು.

ಆರು ತಿಂಗಳು ಕಳೆಯಿತು. ಹದ್ದಿನ ತಕರಾರು ಬಗೆಹರಿಯಲಿಲ್ಲ, ನಕ್ಷೆ ಬರಲಿಲ್ಲ. ನಾನು ಹಾಕಿದ ತಾರೀಕು ಒಂದು ದಿನ ಬಂತು, ಹೋಯಿತು. ಅದಾಗಿ ಒಂದು ವಾರಕ್ಕೆ ಗೌಡರೇ ಪಹಣಿ ಜೆರಾಕ್ಸ್ ಮಾಡಿಸಲು ಅಂಗಡಿಗೆ ಬಂದರು. "ಏನಮ್ಮ ಲಾಯರಮ್ಮ, ನಿನ್ ತಾರೀಕು ಓಗ್ಬುಡ್ತಲ್ಲ, ನನ್ನ ಜೈಲಿಗ್ ಆಕ್ಸ್ತೀಯೇನು?" ಅಂತ ನಕ್ಕರು. ನಾನೂ ನಕ್ಕೆ. ಅವರ ಅಂಗಿ ಜೇಬಿನಲ್ಲಿ ಪೆನ್ನಿತ್ತು. ಅಗ್ರಿಮೆಂಟಿನ ಹಿಂದೆ 'ನಕ್ಷೆ ಬರುವವರೆಗೆ ಗಡುವು ಮುಂದುವರಿಸಿದ್ದೇವೆ' ಅಂತ ಒಂದು ಸಾಲು ಬರೆದು ಮುಂದಿಟ್ಟಿದ್ದರೆ ಓದದೆಯೇ ಸಹಿ ಹಾಕುತ್ತಿದ್ದರು. ಅಂಥ ಒಂದು ಸಾಲು ಬೇಕು ಅಂತಲೇ ನನಗೆ ಗೊತ್ತಿರಲಿಲ್ಲ. ಟೀ ತರಿಸಿದೆ. ಕುಡಿದು ಹೋದರು.

ಮರುವರ್ಷ ಗೌಡರು ಹೃದಯಾಘಾತವಾಗಿ ಹೋಗಿಬಿಟ್ಟರು. ತಾತ ಸಮಾಧಿಯ ಹತ್ತಿರ ಕೂತು ಒಬ್ಬರೇ ಅತ್ತರು ಅಂತ ಅಮ್ಮ ಹೇಳಿದಳು.

ಜಮೀನು ಗೌಡರ ಮಗನ ಕೈಗೆ ಬಂತು. ಅವನು ಕೆಟ್ಟವನು ಅಂತ ನಾನು ಹೇಳುವುದಿಲ್ಲ. ತಾತ ಹೋದಾಗೆಲ್ಲ ಚಾಪೆ ಹಾಕಿ, ಕಾಫಿ ಕೊಟ್ಟು, "ಅಪ್ಪ ಕೊಟ್ಟ ಮಾತು ಎಲ್ಲೋಯ್ತದೆ ತಾತ, ನಕ್ಷೆ ಬರ್ಲಿ," ಅನ್ನುತ್ತಿದ್ದನಂತೆ. ಕಾನೂನಿನ ಪ್ರಕಾರವೂ ಅಪ್ಪನ ಕರಾರು ಮಗನಿಗೆ ಅಂಟುತ್ತದೆ, ನಾನದನ್ನು ಓದಿಕೊಂಡಿದ್ದೆ, ಹಾಗಾಗಿ ಧೈರ್ಯವಾಗಿದ್ದೆ. ಆದರೆ ನಿಧಾನಕ್ಕೆ ನಮ್ಮೂರ ರಸ್ತೆಯಲ್ಲಿ ಕಾರುಗಳು ಬರತೊಡಗಿದವು. ಬಿಡದಿ ಕಡೆಯಿಂದ ಹಿಡಿದು ಇಲ್ಲಿಯವರೆಗೂ ಹೊಲಗಳಲ್ಲಿ ಬಣ್ಣ ಬಳಿದ ಕಲ್ಲುಗಳು ಎದ್ದವು. ಗೌಡರ ಹೊಲದ ಪಕ್ಕದ ಹೊಲವೂ ಹೋಯಿತು. ಒಂದು ದಿನ ನಾನೇ ನೋಟೀಸು ಟೈಪ್ ಮಾಡಿದೆ. ಕರಾರಿನಂತೆ ಕ್ರಯಪತ್ರ ಮಾಡಿಕೊಡಿ, ನಾನು ಬಾಕಿ ಕೊಡಲು ತಯಾರಿದ್ದೇನೆ, ಮನಸ್ಸೂ ಇದೆ ಅಂತ. ಕವರಿಗೆ ಹಾಕಿ, ಈ ಕಾರ್ಡು ಅಂಟಿಸಿ, ತಾತನ ಮುಂದಿಟ್ಟೆ.

ಅವರು ಅದನ್ನು ಮುಟ್ಟಲಿಲ್ಲ.

"ನನ್ ಹೆಂಡ್ರಿಗೆ ಮಣ್ಣು ಕೊಟ್ಟ ಮನೆ ಕಣವ್ವ ಅದು," ಅಂದರು.

"ಇದು ಜಗಳವಲ್ಲ ತಾತ. ಬರೀ ಕೇಳೋದು. ಕಾನೂನಿನಲ್ಲಿ ಕೇಳಿದ್ದಕ್ಕೆ ಗುರುತಿರಬೇಕು."

"ಎಲೆ ಬದಲಾಯಿಸ್ಕೊಂಡ್ ಮನೆಗೆ ನೋಟೀಸಾ..."

"ಕಳಿಸದಿದ್ದರೆ ಅಜ್ಜಿಯ ಜಾಗ ಹೋಗುತ್ತೆ ತಾತ."

ನಾನು ಹಾಗೆ ಅಂದ ಮೇಲೆ ಕವರು ತೆಗೆದುಕೊಂಡರು. ಪೋಸ್ಟಾಫೀಸಿಗೆ ನಾನೇ ಹೋಗಿಬರುತ್ತೇನೆ ಅಂದೆ. "ಬ್ಯಾಡ. ನಾನು ಕಾಣ್ದಿರೋ ಪೋಸ್ಟಾಫೀಸಾ? ನಾನೇ ಆಕ್ತೀನಿ," ಅಂದು ಚೀಲಕ್ಕಿಟ್ಟುಕೊಂಡರು. ಮುಂದಿನ ವಾರ ಕೇಳಿದೆ. "ಊಂ ಕಣವ್ವ," ಅಂದರು. ಕಾರ್ಡು ವಾಪಸು ಬಂತಾ ಅಂತ ಕೇಳಿದೆ. "ಬತ್ತದೆ ಬುಡು," ಅಂದರು. ನಲವತ್ತು ವರ್ಷ ಕಾಗದ ತಲುಪಿಸಿದ ಮನುಷ್ಯ ಸುಳ್ಳು ಹೇಳುತ್ತಾರೆ ಅಂತ ನನಗೆ ಹೇಗೆ ಹೊಳೆಯಬೇಕು?

ಮತ್ತಷ್ಟು ತಿಂಗಳಾದ ಮೇಲೆ ಕೊನೆಗೂ ನಕ್ಷೆ ಬಂತು. ತಾತ ಒಗೆದ ಪಂಚೆ ಉಟ್ಟು, ನಕ್ಷೆ ಹಿಡಿದು ಗೌಡರ ಮನೆಗೆ ಹೋದರು. ಮಗ ಅವತ್ತು ಚಾಪೆ ಹಾಕಲಿಲ್ಲವಂತೆ. ಲೇಔಟಿನವರಿಗೆ ಪೂರ್ತಿ ಜಮೀನು ಮಾತಾಗಿ ಹೋಗಿದೆ ಅಂದ. "ನಿಮ್ ಮುಂಗಡ ತಗೊಂಡೋಗಿ ತಾತ. ಅಜ್ಜೀನ ಬೇಕಾರೆ ಸ್ಮಶಾನಕ್ಕೆ ಬದಲಾಯಿಸ್ಕೊಳ್ಳಿ, ಆಳು ನಾನು ಕೊಡ್ತೀನಿ."

ತಾತ ಮುಂಗಡ ಮುಟ್ಟದೆ ನೇರ ನನ್ನ ಅಂಗಡಿಗೆ ಬಂದರು. ನಾನು ಹೆದರಲಿಲ್ಲ, ನಿಜ ಹೇಳುತ್ತೇನೆ. ಒಳಗೊಳಗೆ ಉಮೇದಿತ್ತು. ಬರವಣಿಗೆ ಇದೆ, ಸಹಿ ಇದೆ, ಸಾಕ್ಷಿ ಇದೆ. ಕರಾರಿನಂತೆ ನಡೆದುಕೊಳ್ಳಿ ಅಂತ ಕೋರ್ಟೇ ಹೇಳುತ್ತದೆ. ಅವತ್ತೇ ರಾಮನಗರದ ಕೋರ್ಟಿನ ಹತ್ತಿರ ಒಬ್ಬ ಲಾಯರ್ ಆಫೀಸಿಗೆ ತಾತನನ್ನು ಕರೆದುಕೊಂಡು ಹೋದೆ.

ಲಾಯರು ಅಗ್ರಿಮೆಂಟು ಓದಿದರು. ಒಂದು ಪುಟ ಓದಿ ಮತ್ತೆ ಹಿಂದಿನ ಪುಟಕ್ಕೆ ಹೋದರು. ಗೋಡೆಯ ಕ್ಯಾಲೆಂಡರು ನೋಡಿದರು.

"ಯಜಮಾನ್ರೇ, ನೀವು ಹೋದ ತಿಂಗಳು ಬರಬೇಕಿತ್ತು."

"ಹೋದ ತಿಂಗ್ಳು ನಕ್ಷೆ ಬಂದಿರ್ಲಿಲ್ಲ ಸಾ."

"ನಕ್ಷೆ ಅಲ್ಲ. ಕ್ರಯ ಮಾಡಿಕೊಡೋಕೆ ಇದರಲ್ಲಿ ತಾರೀಕು ಹಾಕಿದೆ. ಆ ತಾರೀಕಿನಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಮೂರು ವರ್ಷ ಮುಗಿದು ಹತ್ತು ದಿನ ಆಗಿದೆ."

ಮೂರು ವರ್ಷ! ನಾನು ಓದಿದ ಪುಸ್ತಕದಲ್ಲಿ ಎಲ್ಲೂ ಅದಿರಲಿಲ್ಲ. ಅದಿರುವುದು ಬೇರೆ ಪುಸ್ತಕದಲ್ಲಂತೆ, ಕಾಲಮಿತಿ ಕಾಯ್ದೆಯಲ್ಲಿ. ನಾನು ಒಂದೇ ಪುಸ್ತಕ ಓದಿ ಕಾನೂನು ಮುಗಿಯಿತು ಅಂದುಕೊಂಡಿದ್ದೆ.

"ನೋಟೀಸ್ ಏನಾದ್ರೂ ಕಳಿಸಿದ್ರಾ? ಅದಕ್ಕೆ ಅವರು ಒಪ್ಪಿ ಬರೆದಿದ್ದರೆ ಏನಾದ್ರೂ ನೋಡಬಹುದಿತ್ತು," ಅಂದರು ಲಾಯರು.

ತಾತ ಚೀಲಕ್ಕೆ ಕೈ ಹಾಕಿದರು. ನಾನು ಕೊಟ್ಟಿದ್ದ ಕವರು ಹಾಗೇ ಹೊರಗೆ ಬಂತು. ಅಂಟು ಬಿಚ್ಚಿರಲಿಲ್ಲ, ಸ್ಟಾಂಪು ಬಿದ್ದಿರಲಿಲ್ಲ. ಮೂಲೆಗಳು ಚೀಲದೊಳಗೆ ಉಜ್ಜಿ ಉಜ್ಜಿ ಸವೆದಿದ್ದವು.

"ಕಳಿಸ್ಲಿಲ್ಲ ಸಾ," ಅಂದರು. ನನ್ನ ಕಡೆ ನೋಡಲಿಲ್ಲ. "ಮೂರ್ ಸಲ ಪೋಸ್ಟಾಫೀಸ್ ಬಾಗ್ಲಿಗೆ ಹೋದೆ. ಕೌಂಟರ್‌ನಾಗೆ ಕೊಡಕ್ಕೆ ಕೈ ಬರ್ಲಿಲ್ಲ."

ಲಾಯರು ನಿಟ್ಟುಸಿರು ಬಿಟ್ಟು ಅಗ್ರಿಮೆಂಟನ್ನು ಮತ್ತೆ ಎತ್ತಿಕೊಂಡರು. ಆ ದಪ್ಪ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು.

"ಇದನ್ನ ಹಾಕ್ಸಿದ್ದು ಯಾರು? ಬರೀ 'ನಕ್ಷೆ ಬಂದ ಮೇಲೆ' ಅಂತ ಬಿಟ್ಟಿದ್ದರೆ, ಕೊಡಲ್ಲ ಅಂತ ಅವನು ಹೇಳಿದ ದಿನದಿಂದ ಮೂರು ವರ್ಷದ ಲೆಕ್ಕ ಶುರುವಾಗ್ತಿತ್ತು. ಇವತ್ತು ನಿಮ್ಮ ಕೇಸಿಗೆ ಮೊದಲನೇ ದಿನ ಆಗಿರ್ತಿತ್ತು. ಯಾರ್ರೀ ಹಾಕ್ಸಿದ್ದು ಈ ತಾರೀಕು?"

ಫ್ಯಾನು ತಿರುಗುತ್ತಿತ್ತು. ಪಕ್ಕದ ಅಂಗಡಿಯ ಹಿರಿಯರು ಕನ್ನಡಕ ತೆಗೆದು ಜೇಬಿಗಿಟ್ಟದ್ದು ಕಣ್ಣ ಮುಂದೆ ಬಂತು. ಬೇಕಂತಲೇ ಹಾಕಿಲ್ಲ ನಾನು ಅಂದಿದ್ದರು.

"ನಾನೇ ಸಾ," ಅಂದರು ತಾತ. "ಈ ಮಗ ಬ್ಯಾಡ ಬ್ಯಾಡ ಅಂತು. ನಾನೇ ಅಟ ಮಾಡಿ ಆಕಿಸ್ದೆ."

ಹೊರಗೆ ಬಂದು ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ನಿಂತೆವು. ನನಗೆ ಅಳು ತಡೆಯಲಾಗಲಿಲ್ಲ. ಯಾಕೆ ಸುಳ್ಳು ಹೇಳಿದಿರಿ ತಾತ ಅಂದೆ.

"ಸುಳ್ಳೆಲ್ಲವ್ವ? ಟೈಪ್ ಮಾಡ್ದೋಳು ನೀನು, ಸೈನ್ ಆಕ್ದೋನು ನಾನು. ಸೈನ್ ಆಕ್ದೋನೇ ಹೊಣೆ, ಓದಿದ್ನೋ ಬುಟ್ನೋ ಅಂತ ಕಾನೂನು ಕೇಳಾಕಿಲ್ಲ ಅಂತ ನೀನೇ ಏಳ್ಕೊಟ್ಟಿದ್ದಲ್ವಾ?" ಅಂದರು. ಆಮೇಲೆ "ಒಸಿ ನೀರೈತೇನವ್ವ?" ಅಂತ ಕೇಳಿದರು. ನನ್ನ ಬಾಟಲಿ ಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು, ಆ ಕವರನ್ನು ನನ್ನ ಕೈಗಿಟ್ಟರು. "ಇದು ನಿಂದೇ. ತಲ್ಪುಸ್ಬುಟ್ಟೆ."

ಅವರು ಇಡೀ ಜನ್ಮದಲ್ಲಿ ಹೇಳಿದ ಜೋಕುಗಳಲ್ಲಿ ನಾನು ನಗದೆ ಇದ್ದದ್ದು ಅದೊಂದಕ್ಕೇ.

ಸಮಾಧಿಯನ್ನು ಬದಲಾಯಿಸಲು ತಾತ ಒಪ್ಪಲಿಲ್ಲ. ಕೂತಿರುವವಳನ್ನು ಎಬ್ಬಿಸುವುದಿಲ್ಲ ಅಂದರು. ಜೆಸಿಬಿ ಬಂದ ದಿನ ನಾನು ಅಂಗಡಿ ತೆಗೆದಿರಲಿಲ್ಲ. ಹೊಲಕ್ಕೂ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ. ಬಿಲ್ವಪತ್ರೆ ಮರ ಒಂದೇ ಸಲಕ್ಕೆ ಬೇರು ಸಮೇತ ಬಂತಂತೆ. ಉಳಿದದ್ದನ್ನು ಮಟ್ಟ ಮಾಡಿ ಮೇಲೆ ಜಲ್ಲಿ ಹರಡಿದರಂತೆ. ಆಮೇಲೆ ಕಾಂಪೌಂಡು ಎದ್ದಿತು, ಕಮಾನು ಎದ್ದಿತು, ಕಾವಲಿನವನು ಬಂದ. ತಾತ ಸೋಮವಾರ ಚೆಂಬು ಹಿಡಿದು ಗೇಟಿನ ಹತ್ತಿರ ಹೋಗುತ್ತಿದ್ದರು. ಎಲ್ಲಿಯವನೋ ಆ ಕಾವಲಿನವನು, ಪಾಪ, ಭಾಷೆ ಬಾರದು. ಒಳಗೆ ಬಿಡುತ್ತಿರಲಿಲ್ಲ. ನೀರನ್ನು ಗೇಟಿನ ಬುಡಕ್ಕೆ ಸುರಿದು ವಾಪಸು ಬರುತ್ತಿದ್ದರು.

ನನ್ನ ಅಂಗಡಿಗೆ ಆಮೇಲೂ ಬಂದರು. ಕಡಲೆಕಾಯಿಯನ್ನೂ ತಂದರು. ಲಾಯರಮ್ಮ ಅನ್ನುವುದನ್ನು ಮಾತ್ರ ಬಿಟ್ಟರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ... ಬೆಂಚಿನ ಮೇಲೆ ಕೂತು ರಸ್ತೆ ನೋಡುತ್ತಿದ್ದರು, ಬಸ್ಸು ಬಂದರೆ ಎದ್ದು ಹೋಗುತ್ತಿದ್ದರು. ಒಂದು ಬೇಸಿಗೆಯಲ್ಲಿ ಎರಡು ವಾರ ಬರಲಿಲ್ಲ. ಮೂರನೇ ವಾರ ಅಮ್ಮ ಫೋನ್ ಮಾಡಿದಳು.

ಊರಿನವರು ಅವರನ್ನು ಕೆರೆಯ ಹಿಂದಿನ ಸ್ಮಶಾನದಲ್ಲಿ ಕೂರಿಸಿದರು. ಆ ದಾರಿಗೆ ಈಗ ಸಿಮೆಂಟು ಹಾಕಿದ್ದಾರೆ, ನೀರು ನಿಲ್ಲುವುದಿಲ್ಲ. ಅಲ್ಲಿ ನಿಂತರೆ ಕೆರೆಯ ಆಚೆ ಲೇಔಟಿನ ಕಮಾನು ಕಾಣುತ್ತದೆ. ನಡುವೆ ಬರೀ ಒಂದು ಕೆರೆ. ಅವರಿಗೆ ಬೇಕಿದ್ದದ್ದು ಪಕ್ಕದಲ್ಲಿ ಒಂದು ಗೇಣು.

ಕವರಿನೊಳಗಿನ ನೋಟೀಸನ್ನು ಸುಟ್ಟುಹಾಕಿದೆ. ಕಾರ್ಡು ಮಾತ್ರ ಕಿತ್ತು ಪುಸ್ತಕದೊಳಗೆ ಇಟ್ಟಿದ್ದೆ. ಪುಸ್ತಕವನ್ನು ಆಮೇಲೆ ತೆರೆದಿರಲಿಲ್ಲ.

ಮೊನ್ನೆ ಕಪಾಟು ಒರೆಸಲು ಹೋದದ್ದಕ್ಕೂ ಕಾರಣವಿದೆ. ಅವತ್ತು ಬೆಳಿಗ್ಗೆ ಗಂಡ ಹೆಂಡತಿ ಒಂದು ಕ್ರಯಪತ್ರ ಟೈಪ್ ಮಾಡಿಸಲು ಬಂದಿದ್ದರು. ಚನ್ನಪಟ್ಟಣದ ಕಡೆಯವರು, ಇಬ್ಬರೂ ಬಿಡದಿಯಲ್ಲಿ ಕೆಲಸಕ್ಕೆ ಹೋಗುತ್ತಾರಂತೆ. ಹತ್ತು ವರ್ಷ ಕೂಡಿಟ್ಟು ಕ್ರಯಕ್ಕೆ ತಗೊಳ್ಳುತ್ತಿರುವ ಮೊದಲ ಸೈಟು. ಆಕೆಗೆ ತುಂಬು ತಿಂಗಳು. ಸರ್ವೆ ನಂಬರು ನೋಡಿದೆ, ಗೌಡರ ಹೊಲದ್ದು. ನಕ್ಷೆ ಬಿಚ್ಚಿದೆ. ಮೂಲೆ ಸೈಟು. ತಾತನ ಅಗ್ರಿಮೆಂಟಿನ ಚೆಕ್ಕುಬಂದಿಯಲ್ಲಿ ಜಾಗದ ನಾಲ್ಕು ಎಲ್ಲೆ ಬರೆಯುವಾಗ 'ಉತ್ತರಕ್ಕೆ ಬಿಲ್ವಪತ್ರೆ ಮರ' ಅಂತ ಟೈಪ್ ಮಾಡಿದವಳು ನಾನೇ. ಈಗ ಅದೇ ಜಾಗಕ್ಕೆ 'ಉತ್ತರಕ್ಕೆ ಮೂವತ್ತು ಅಡಿ ರಸ್ತೆ' ಅಂತ ಟೈಪ್ ಮಾಡಿದೆ.

ಪತ್ರ ಪೂರ್ತಿ ಓದಿ ಹೇಳಿದೆ. ಪ್ರಸ್ತಾವ, ಒಪ್ಪಿಗೆ, ಪ್ರತಿಫಲ, ಯಾವುದರಲ್ಲೂ ಕೊರತೆಯಿರಲಿಲ್ಲ. ತಾರೀಕು ಸರಿಯಾಗಿತ್ತು. ಈ ಸ್ವತ್ತಿನ ಮೇಲೆ ಬೇರೆ ಯಾರ ಹಕ್ಕೂ ಇರುವುದಿಲ್ಲ ಅನ್ನುವ ಸಾಲನ್ನು ಆ ಗಂಡ ಇನ್ನೊಂದು ಸಲ ಓದಿಸಿದ. ಓದಿದೆ.

ಆಕೆ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು, ತಾತ ಕೂರುತ್ತಿದ್ದ ಜಾಗದಲ್ಲೇ. "ಅಕ್ಕಾ, ಒಸಿ ನೀರು ಕೊಡ್ತೀರಾ?" ಅಂದಳು.

ಕೊಟ್ಟೆ. ಅವಳು ಕುಡಿದು ಮುಗಿಸುವವರೆಗೂ ನಾನು ಏನೂ ಹೇಳಲಿಲ್ಲ.

ಕುಡಿದಾದ ಮೇಲೂ ಹೇಳಲಿಲ್ಲ.